ಮಾನಸಿಕ ಆರೋಗ್ಯಕ್ಕೆ ರಾಜ್ಯದ್ದೇ ಕಾನೂನು ಬೇಕಾ? ಮಲೆನಾಡಿನವರು ಏನಂತೀರಿ?

ನಗರ ಸೀಮೆಯವ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಮಾನಸಿಕ ಆರೋಗ್ಯ ವ್ಯವಸ್ಥೆ ಸರಿಹೋಗಬೇಕಾದರೆ ನಮ್ಮ ರಾಜ್ಯ ತನ್ನದೇ ಒಂದು ಕಾನೂನು ತರಬೇಕು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಹಳ್ಳಿಯ ಆರೋಗ್ಯ ಉಪಕೇಂದ್ರದಿಂದ ಶುರುಮಾಡಿ ಬರೆಯಬೇಕು, ಬೆಂಗಳೂರಿನಿಂದ ಅಲ್ಲ.

ಕೇಂದ್ರದ್ದು ಈಗಾಗಲೇ ಇದೆಯಲ್ಲ ಅಂತ ಕೇಳಬಹುದು. ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರಲ್ಲಿ ಜಾರಿಗೆ ಬಂತು. ಒಳ್ಳೆಯ ಕಾಯ್ದೆ. 18ನೇ ಸೆಕ್ಷನ್ ಓದಿದರೆ ಖುಷಿಯಾಗುತ್ತದೆ. ಚಿಕಿತ್ಸೆಗಾಗಿ ಯಾರೂ ದೂರ ಹೋಗುವಂತೆ ಆಗಬಾರದು, ಮನೆ ಹತ್ತಿರವೇ ಸಿಗಬೇಕು ಅಂತ ಬರೆದಿದ್ದಾರೆ. ಆದರೆ ಎಷ್ಟು ದೂರವಾದರೆ ದೂರ, ಅದು ಎಲ್ಲೂ ಇಲ್ಲ. ಕನಿಷ್ಠ ಸೇವೆ ಜಿಲ್ಲೆಯಲ್ಲಿ ಇರಬೇಕು ಅಂತಿದೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಇರುವುದರಿಂದ ಆ ಲೆಕ್ಕ ಮುಗಿಯಿತು. ಹೊಸನಗರ ತಾಲ್ಲೂಕಿನ ನಗರ, ಸಂಪೆಕಟ್ಟೆ, ನಿಟ್ಟೂರು ಕಡೆಯವರು ಶಿವಮೊಗ್ಗಕ್ಕೆ ಹೋಗಿಬಂದರೆ ಒಂದು ದಿನ ಪೂರ್ತಿ ಹೋಯಿತು. ಕೂಲಿ ಹೋಯಿತು, ಬಸ್ಸಿಗೆ ಇಬ್ಬರ ಚಾರ್ಜು ಹೋಯಿತು. ನಮ್ಮ ಕಡೆ ಜಾಸ್ತಿ ಓಡುವುದು ಪ್ರೈವೇಟ್ ಬಸ್ಸು. ಅದರಲ್ಲಿ ಹೆಂಗಸರಿಗೂ ಶಕ್ತಿ ಯೋಜನೆ ನಡೆಯುವುದಿಲ್ಲ.

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ತಪ್ಪದಿದ್ದರೆ ತೋಟ, ಕೊಟ್ಟಿಗೆ ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ತಪ್ಪಿದರೆ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಊಟ ಬಿಡುತ್ತಾನೆ, ಆಮೇಲೆ ನಮ್ಮನ್ನೇ ಅನುಮಾನದಿಂದ ನೋಡುತ್ತಾನೆ. ಹೋದ ಮಳೆಗಾಲದಲ್ಲಿ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ ಅಂತ ಚೀಟಿ ಬರೆದುಕೊಟ್ಟರು. ಸುತ್ತಲಿನ ಮೆಡಿಕಲ್ ಶಾಪಿನಲ್ಲೂ ಆ ಮಾತ್ರೆ ಇರಲಿಲ್ಲ. ಆ ಮಾತ್ರೆ ಇಲ್ಲದ್ದಕ್ಕೆ ಯಾರು ಉತ್ತರ ಕೊಡಬೇಕು? ಡಾಕ್ಟರಾ, ತಾಲ್ಲೂಕು ಆರೋಗ್ಯಾಧಿಕಾರಿನಾ, ಉಗ್ರಾಣದವರಾ? ಕಾಯ್ದೆಯಲ್ಲಿ ಹುಡುಕಿದೆ, ಸಿಗಲಿಲ್ಲ. ರಾಜ್ಯದ ಕಾನೂನು ಮೊದಲು ಅದನ್ನು ಹೇಳಲಿ.

ಬೆಳಗಾವಿ ಅಧಿವೇಶನಕ್ಕೆ ಮೊದಲು ನಮ್ಮ ಜಿಲ್ಲೆಯ ಶಾಸಕರಿಗೆಲ್ಲ ಒಂದು ಮನವಿ ಕೊಡಬೇಕು ಅಂತಿದ್ದೇನೆ. ಅದರಲ್ಲಿ ಏನೇನು ಇರಬೇಕು, ಹೇಳಿ.

ಕೋರ್ಟ್ ರಸ್ತೆ, ಶಿವಮೊಗ್ಗ

ಒಳ್ಳೆಯ ಕೆಲಸ ಎತ್ತಿಕೊಂಡಿದ್ದೀರಿ. ಕಾನೂನಿನ ದಾರಿ ಎಲ್ಲಿದೆ ಅಂತ ಮೊದಲು ಹೇಳುತ್ತೇನೆ.

ಮಾನಸಿಕ ಕಾಯಿಲೆ, ಅದರ ಚಿಕಿತ್ಸೆಯ ಸ್ಥಳಗಳು ಸಂವಿಧಾನದ ಸಮವರ್ತಿ ಪಟ್ಟಿಯ 16ನೇ ನಮೂದಿನಲ್ಲಿ ಬರುತ್ತವೆ. ಅಂದರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಆದರೆ ರಾಜ್ಯ ಮಾಡಿದ್ದು ಕೇಂದ್ರದ್ದಕ್ಕೆ ವಿರುದ್ಧವಾದರೆ 254ನೇ ವಿಧಿ ಅಡ್ಡ ಬರುತ್ತದೆ. ರಾಷ್ಟ್ರಪತಿಗಳ ಅಂಕಿತ ಇಲ್ಲದೆ ಅದು ನಿಲ್ಲುವುದಿಲ್ಲ. ಇನ್ನೊಂದು ಕಡೆ, ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ನಮೂದು. ಹಾಗಾಗಿ ಕೇಂದ್ರದ ಕಾಯ್ದೆಯ ಹಕ್ಕುಗಳನ್ನು ಮುಟ್ಟದೆ, ಅವನ್ನು ನಮ್ಮ ಆಸ್ಪತ್ರೆಗಳಲ್ಲಿ ಹೇಗೆ ನಡೆಸಬೇಕು, ಯಾರು ಹೊಣೆ ಅನ್ನುವುದನ್ನಷ್ಟೇ ಬರೆದರೆ ತೊಡಕು ಕಡಿಮೆ.

ಹೊಣೆಗೆ ಒಂದು ಮಾದರಿ ನಮ್ಮ ರಾಜ್ಯದಲ್ಲೇ ಇದೆ. 2011ರ ಸಕಾಲ ಕಾಯ್ದೆ. ಜಾತಿ ಪ್ರಮಾಣಪತ್ರ ಗಡುವಿನೊಳಗೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು. ಆದರೆ ಅರ್ಜಿಗೆ ನಂಬರ್ ಬರುತ್ತದೆ, ಯಾವ ಅಧಿಕಾರಿ ಹತ್ತಿರ ನಿಂತಿದೆ ಅಂತ ಗೊತ್ತಾಗುತ್ತದೆ, ಮೇಲ್ಮನವಿ ಯಾರಿಗೆ ಅನ್ನುವುದೂ ಗೊತ್ತಿರುತ್ತದೆ. ಸಿಗದ ಮಾತ್ರೆಗೂ ಇಂಥದ್ದೇ ಏರ್ಪಾಡು ಬೇಕು.

ಕಾಯ್ದೆಯ ಇನ್ನೊಂದು ಅಂಶ ನಿಮಗೆ ನೇರವಾಗಿ ತಟ್ಟುತ್ತದೆ. ಅಗತ್ಯ ಔಷಧಿ ಪಟ್ಟಿಯ ಮಾತ್ರೆಗಳನ್ನು ಎಲ್ಲ ಕಾಲದಲ್ಲೂ ಉಚಿತವಾಗಿ ಕೊಡಬೇಕು ಅಂತಿದೆ. ಆದರೆ ಅದು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಆಸ್ಪತ್ರೆಗಳಿಗೆ. ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ಸೇರಿಲ್ಲ. ಪಿಎಚ್‌ಸಿವರೆಗೆ ಇಳಿಸುವುದನ್ನು ರಾಜ್ಯ ಮಾಡಬಹುದು, ಯಾವ ವಿರೋಧವೂ ಬರುವುದಿಲ್ಲ. ನನ್ನ ಪ್ರಕಾರ ನಿಮ್ಮ ಮನವಿಯ ಮೊದಲ ಸಾಲು ಇದೇ ಆಗಬೇಕು.

ಉಪಕೇಂದ್ರದ ಸಿಸ್ಟರ್, ತೀರ್ಥಹಳ್ಳಿ ತಾಲ್ಲೂಕು

ವಕೀಲರೆ, ಪಿಎಚ್‌ಸಿ ಅಂದಿದ್ದು ಸರಿ. ನನ್ನ ಅನುಭವದ ಮಾತು ಸೇರಿಸುತ್ತೇನೆ.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಮನೋಚೈತನ್ಯ ಕಾರ್ಯಕ್ರಮದಲ್ಲಿ ಇದೆ. ಅದು ಬಹಳ ಜನರನ್ನು ಉಳಿಸಿದೆ. ಬೆಂಗಳೂರು, ಶಿವಮೊಗ್ಗ ನೋಡದವರೂ ಅಲ್ಲಿಗೆ ಬರುತ್ತಾರೆ. ಆದರೆ ಅದು ಕಾರ್ಯಕ್ರಮ, ಹಕ್ಕಲ್ಲ. ಡಾಕ್ಟರಿಗೆ ಬೇರೆ ಡ್ಯೂಟಿ ಬಿದ್ದರೆ ಆ ಮಂಗಳವಾರ ಹೋಯಿತು. ಬಂದವರನ್ನು ಮುಂದಿನ ವಾರ ಬನ್ನಿ ಅಂತ ಕಳಿಸಬೇಕು. ಅವರು ಮುಂದಿನ ವಾರ ಬರುವುದಿಲ್ಲ. ಕಾನೂನಿನಲ್ಲಿ ಮಂಗಳವಾರ ಅಂತಲೇ ಬರೆಯಲಿ. ಆ ಡಾಕ್ಟರ್ ಇಲ್ಲದಿದ್ದರೆ ಬದಲಿ ಯಾರು, ಅದನ್ನೂ ಬರೆಯಲಿ.

ಮಳೆಗಾಲದ ವಿಷಯಕ್ಕೆ ಬರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ ಕಡೆಯ ಒಂಟಿಮನೆಯವರು ಆಸ್ಪತ್ರೆಗೆ ಬರುವುದು ಕಷ್ಟ. ಮರ ಬೀಳುತ್ತದೆ, ಕರೆಂಟ್ ಇರುವುದಿಲ್ಲ, ಹಳ್ಳ ಏರುತ್ತದೆ. ಮನೆಗೆ ಅಕ್ಕಿ, ಸೌದೆ ದಾಸ್ತಾನು ಮಾಡುವ ಹಾಗೆ ಮಾತ್ರೆಯೂ ಮೇ ತಿಂಗಳಲ್ಲೇ ಊರು ಸೇರಬೇಕು. ಆದರೆ ರೋಗಿಯ ಕೈಗೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಕೊಡುವುದು ಅಪಾಯ. ಖಿನ್ನತೆ ಇರುವವರ ಮನೆಯಲ್ಲಿ ಅಷ್ಟು ಮಾತ್ರೆ ಇಡಬಾರದು. ಅದಕ್ಕೇ ಹೇಳುವುದು, ಉಪಕೇಂದ್ರದಲ್ಲಿ ಇಡಿ. ಅಲ್ಲಿನ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಕೈಯಲ್ಲಿ ಪಟ್ಟಿ ಇರಲಿ. ಆಶಾ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮನೆಗೆ ತಲುಪಿಸಲಿ, ಅದಕ್ಕೆ ಆಶಾಗೆ ಬೇರೆ ಸಂಭಾವನೆ ಕೊಡಲಿ. ಸುಮ್ನೆ ಇನ್ನೊಂದು ಕೆಲಸ ಅವರ ತಲೆಗೆ ಕಟ್ಟಬೇಡಿ.

ದಿನಾ ಮಾತ್ರೆ ನುಂಗಲು ಒಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಫ್ಲೂಫೆನಜಿನ್ ಡೆಕನೋಯೇಟ್. ಡಾಕ್ಟರ್ ಬರೆದುಕೊಟ್ಟರೆ ನಾವೇ ಪಿಎಚ್‌ಸಿಯಲ್ಲಿ ಹಾಕಬಹುದು. ಅದಕ್ಕೆ ಶಿವಮೊಗ್ಗ ಯಾಕೆ?

ತುಮರಿಯಿಂದ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ಶರಾವತಿ ಹಿನ್ನೀರು ದಾಟಲು ನಮಗೆ 2025ರ ಜುಲೈವರೆಗೂ ಲಾಂಚೇ ಗತಿಯಾಗಿತ್ತು. ಕತ್ತಲಾದ ಮೇಲೆ ಯಾರಿಗಾದರೂ ಜಾಸ್ತಿಯಾದರೆ ಸುತ್ತುಹಾಕಿ ಹೋಗಬೇಕು, ಇಲ್ಲ ಬೆಳಗಾಗುವವರೆಗೆ ಹಿಡಿದು ಕೂರಬೇಕು. ಈಗ ಸೇತುವೆ ಆಗಿದೆ, ದೊಡ್ಡ ಉಪಕಾರ. ಆದರೂ ಸಾಗರಕ್ಕೆ ಹೋಗಲು ಗಾಡಿ ಬೇಕಲ್ಲ.

ದೂರವನ್ನು ಕಿಲೋಮೀಟರಿನಲ್ಲಿ ಬರೆಯಬೇಡಿ ಅಂತ ನನ್ನ ಸಲಹೆ. ಬಯಲುಸೀಮೆಯ ಮೂವತ್ತು ಕಿಲೋಮೀಟರ್ ಬೇರೆ, ಹಿನ್ನೀರಿನ ಆಚೆಯ ಮೂವತ್ತು ಕಿಲೋಮೀಟರ್ ಬೇರೆ. ಬೆಳಗಿನ ಬಸ್ಸಿಗೆ ಹೋದವರು ಅದೇ ದಿನ ಸಂಜೆಯ ಬಸ್ಸಿಗೆ ವಾಪಸ್ ಮನೆ ಸೇರುವಂತಿರಬೇಕು ಅಂತ ಬರೆಯಿರಿ.

ಇನ್ನು ಫೋನ್. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಒಳ್ಳೆಯದು. 2022ರಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ನಮ್ಮಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಎದೆ ಭಾರವಾಗಿ ಕೂತವನು ಮಳೆಯಲ್ಲಿ ಗುಡ್ಡ ಹತ್ತಿ ಫೋನ್ ಮಾಡುತ್ತಾನಾ? ಪಂಚಾಯ್ತಿ ಕಚೇರಿಯಲ್ಲೋ ಉಪಕೇಂದ್ರದಲ್ಲೋ ಬಾಗಿಲು ಹಾಕಿಕೊಂಡು ಮಾತಾಡುವ ಒಂದು ಕೋಣೆ, ಒಂದು ವೈರ್ ಇರುವ ಕನೆಕ್ಷನ್ ಕೊಡಲಿ.

ಭದ್ರಾವತಿ ಮೇಷ್ಟ್ರು

ನಿವೃತ್ತ ಶಿಕ್ಷಕ ನಾನು. ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮಾತ್ರೆ ಹತ್ತಿರ ಬಂದರೂ ತಗೊಳ್ಳುವುದಿಲ್ಲ ಅಂತ ಹಟ ಹಿಡಿದವರನ್ನು ಏನು ಮಾಡುವುದು? ನನ್ನ ಮಗಳು ತನಗೆ ಕಾಯಿಲೆಯೇ ಇಲ್ಲ ಅನ್ನುತ್ತಾಳೆ. ಅಡ್ಮಿಟ್ ಮಾಡಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆ ನೋಡಬೇಕು, 30 ದಿನ ಮಾತ್ರ, ಆಮೇಲೆ ರಿವ್ಯೂ ಬೋರ್ಡಿನ ಒಪ್ಪಿಗೆ. 72 ಗಂಟೆಯ ತುರ್ತು ಚಿಕಿತ್ಸೆ ಅಂತ ಇನ್ನೊಂದು. ತಂದೆತಾಯಿಗೆ ವಯಸ್ಸಾಗುತ್ತಾ ಬಂತು. ನಾವು ಎಷ್ಟು ಓಡಾಡುವುದು?

ಈಶಾನ್ಯ ರಾಜ್ಯಗಳಿಗೆ, ಹಿಮಾಚಲ, ಉತ್ತರಾಖಂಡದಂಥ ಗುಡ್ಡಗಾಡಿಗೆ ಅದೇ ಕಾಯ್ದೆಯ 125ನೇ ಸೆಕ್ಷನ್ ಸಡಿಲಿಕೆ ಕೊಟ್ಟಿದೆ. ಓಡಾಟ ಕಷ್ಟ ಅಂತ 72 ಗಂಟೆಯನ್ನು 120 ಮಾಡಿದ್ದಾರೆ. ನಮ್ಮದೂ ಗುಡ್ಡಗಾಡೇ ಅಲ್ವಾ? ಮಲೆನಾಡಿಗೂ ಅದು ಬೇಕು ಅಂತ ಕೇಳಿ.

ಸೊರಬದ ಕಡೆಯವಳು

ಮೇಷ್ಟ್ರೆ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ನನ್ನ ಅಪ್ಪ ಅಮ್ಮನೂ ಅದೇ ಕಷ್ಟ ಪಟ್ಟಿದ್ದಾರೆ. ಆದರೆ ಇಲ್ಲಿ ಕಾಯಿಲೆ ಇರುವವರ ಕಡೆಯಿಂದಲೂ ಒಬ್ಬರು ಮಾತಾಡಬೇಕು. ನನಗೆ ಬೈಪೋಲಾರ್ ಇದೆ, ಅತಿ ಉತ್ಸಾಹ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ.

125ನೇ ಸೆಕ್ಷನ್ ಕೊಟ್ಟಿರುವುದು ಆಸ್ಪತ್ರೆಯವರಿಗೆ ಸಮಯ. ಒಪ್ಪಿಗೆ ಇಲ್ಲದೆ ಚಿಕಿತ್ಸೆಯಲ್ಲಿ ಇಡುವ ಅವಧಿ ಉದ್ದವಾಗುತ್ತದೆ. ರಸ್ತೆ ಸರಿಯಿಲ್ಲ, ಡಾಕ್ಟರ್ ದೂರ ಅನ್ನುವುದು ಸರ್ಕಾರದ ಕೊರತೆ. ಅದಕ್ಕೆ ನಾನು ಇನ್ನೆರಡು ದಿನ ಯಾಕೆ ಒಳಗಿರಬೇಕು? ಗುಡ್ಡಗಾಡು ಅನ್ನುವ ಕಾರಣಕ್ಕೆ ಕೇಳಬೇಕಾದ್ದು ಹತ್ತಿರದ ಡಾಕ್ಟರನ್ನು. ಆ ಸಡಿಲಿಕೆಯನ್ನು ಸಹ ಕಾಯ್ದೆ 10 ವರ್ಷಕ್ಕೆ ಮಾತ್ರ ಇಟ್ಟಿದೆ.

ಕಟ್ಟಿಹಾಕಿದರೆ ಏನಾಗುತ್ತದೆ ಅನ್ನುವುದು ದೇಶಕ್ಕೆ ಗೊತ್ತಿದೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಈಗಿನ ಕಾಯ್ದೆ ಯಾವುದೇ ರೀತಿಯ ಸರಪಳಿಯನ್ನು ನಿಷೇಧಿಸಿದೆ. ಮನೆಯ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಕೂಡಿಹಾಕುವುದು ಮಾತ್ರ ಇನ್ನೂ ಯಾರ ಕಣ್ಣಿಗೂ ಬೀಳುತ್ತಿಲ್ಲ.

ನನಗೆ ಸಹಾಯವಾಗಿದ್ದು ಮುಂಗಡ ನಿರ್ದೇಶನ. 5ನೇ ಸೆಕ್ಷನ್. ಆರಾಮಾಗಿರುವಾಗ ಬರೆದಿಟ್ಟೆ. ಜಾಸ್ತಿಯಾದರೆ ಯಾರಿಗೆ ಫೋನ್ ಮಾಡಬೇಕು, ಯಾವ ಮಾತ್ರೆ ನನಗೆ ಆಗಿಬರುವುದಿಲ್ಲ, ನನ್ನ ಪರವಾಗಿ ಯಾರು ಮಾತಾಡಬೇಕು, ಎಲ್ಲ. ನನ್ನ ಅಕ್ಕನನ್ನು ನಾಮಿನಿ ಮಾಡಿದ್ದೇನೆ. ಅವಳು ಅಡ್ಮಿಟ್ ಮಾಡಿಸಿ ಅಂದರೆ ನಾನು ಆಗ ಬೈಯಬಹುದು, ಆಮೇಲೆ ಒಪ್ಪುತ್ತೇನೆ. ನಿಮ್ಮ ಮಗಳು ಸ್ವಲ್ಪ ಚೆನ್ನಾಗಿರುವ ದಿನಗಳಲ್ಲಿ ಇದನ್ನು ಅವಳ ಜೊತೆ ಕೂತು ಬರೆಯಿರಿ ಮೇಷ್ಟ್ರೆ. ಯಾವ ಆಸ್ಪತ್ರೆಯಲ್ಲೂ ನನಗೆ ಇದರ ಬಗ್ಗೆ ಹೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕನ್ನಡದ ಫಾರಂ, ಬರೆಯಲು ಸಹಾಯ ಮಾಡುವ ಒಬ್ಬರು ಇರಬೇಕು ಅಂತ ಮನವಿಯಲ್ಲಿ ಸೇರಿಸಿ.

ಇನ್ನೊಂದು. ನಾನು ಲಿಥಿಯಂ ತಗೊಳ್ಳುತ್ತೇನೆ. ಅದರ ಪ್ರಮಾಣ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ನೋಡಲೇಬೇಕು. ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಜಾಸ್ತಿಯಾದರೆ ವಿಷ. ಮಾತ್ರೆ ಉಚಿತ, ಪರೀಕ್ಷೆಗೆ ಊರೂರು ಅಲೆಯಬೇಕು ಅಂದರೆ ಅದು ಉಚಿತ ಹೇಗಾಯಿತು? ಕ್ಲೋಜಪಿನ್ ತಗೊಳ್ಳುವವರಿಗೆ ಬಿಳಿ ರಕ್ತಕಣದ ಲೆಕ್ಕ ಬೇಕು. ಔಷಧಿ ಪಟ್ಟಿಯ ಜೊತೆ ಪರೀಕ್ಷೆಯ ಪಟ್ಟಿಯೂ ಕಾನೂನಿನಲ್ಲಿರಲಿ. ರಕ್ತ ತಾಲ್ಲೂಕಿನಲ್ಲಿ ತೆಗೆದು, ಸ್ಯಾಂಪಲ್ ಶಿವಮೊಗ್ಗಕ್ಕೆ ಹೋಗಲಿ. ಮಂಗನ ಕಾಯಿಲೆಗೆ ನಮ್ಮ ಕಡೆ ಸ್ಯಾಂಪಲ್ ಕಳಿಸುವ ರೂಢಿ ಎಷ್ಟು ವರ್ಷದ್ದು!

ಭದ್ರಾವತಿ ಮೇಷ್ಟ್ರು

ತಂಗಿ, ನೀನು ಬರೆದದ್ದನ್ನು ಮನೆಯವಳಿಗೂ ಓದಿ ಹೇಳಿದೆ. ಆ ಕಾಗದ ಬರೆಸಲು ಪ್ರಯತ್ನ ಮಾಡುತ್ತೇವೆ. 120 ಗಂಟೆಯ ಮಾತನ್ನು ನಾನು ಪೂರ್ತಿ ಬಿಡುವುದಿಲ್ಲ. ರಾತ್ರಿ ಹೊತ್ತು ಕತ್ತಿ ಹಿಡಿದವರ ಎದುರು ನಿಂತವರಿಗೆ ಅದರ ಭಯ ಗೊತ್ತು. ಆದರೆ ಮನೆಗೇ ಬರುವ ಒಂದು ತಂಡ ಇದ್ದರೆ ನನಗೆ ಇದೆಲ್ಲ ಕೇಳುವ ಅಗತ್ಯ ಬರುತ್ತಿರಲಿಲ್ಲ. ಈಗ ಕರೆಯುವುದು ಯಾರನ್ನು? ಪೊಲೀಸರನ್ನು. ಅವರು ಬಂದರೆ ಬೀದಿಯೆಲ್ಲ ನೋಡುತ್ತದೆ, ಮಗಳು ಇನ್ನೂ ಹೆದರುತ್ತಾಳೆ.

ಕೋರ್ಟ್ ರಸ್ತೆ, ಶಿವಮೊಗ್ಗ

ಇಬ್ಬರ ಮಾತೂ ಸೇರುವ ಜಾಗ ಅದೇ. ತಾಲ್ಲೂಕಿಗೊಂದು ತುರ್ತು ತಂಡ. ಒಬ್ಬ ತರಬೇತಿ ಪಡೆದ ನರ್ಸ್, ಒಬ್ಬ ಸಮಾಜ ಕಾರ್ಯಕರ್ತ, ಒಂದು ಸಾಮಾನ್ಯ ಗಾಡಿ. ತುರ್ತು ಚಿಕಿತ್ಸೆಯನ್ನು ನೋಂದಾಯಿತ ವೈದ್ಯರು ಯಾರಾದರೂ ಕೊಡಬಹುದು, ಮನೋವೈದ್ಯರೇ ಆಗಬೇಕಿಲ್ಲ. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಅದರಲ್ಲಿ ಬರುತ್ತದೆ. ಇದನ್ನು ಪಿಎಚ್‌ಸಿ ವೈದ್ಯರಿಗೆ ತಿಳಿಸುವ ಕೆಲಸ ಆಗಬೇಕು.

ದಾರಿ ತಪ್ಪಿ ಅಲೆಯುವವರು ಪೊಲೀಸರಿಗೆ ಸಿಕ್ಕರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. 100ನೇ ಸೆಕ್ಷನ್.

ಕಾಯ್ದೆಯ ಪ್ರಕಾರ ದಾಖಲಾತಿ, ದೂರು ನೋಡುವ ರಿವ್ಯೂ ಬೋರ್ಡಿನ ಬಗ್ಗೆಯೂ ತಿಳಿದುಕೊಳ್ಳಿ. ಅದರಲ್ಲಿ ಜಿಲ್ಲಾ ನ್ಯಾಯಾಧೀಶರ ಮಟ್ಟದ ಅಧ್ಯಕ್ಷರು, ಜಿಲ್ಲಾಧಿಕಾರಿ ಕಡೆಯವರು, ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಇರುತ್ತಾರೆ. ಉಳಿದ ಎರಡು ಸ್ಥಾನ ಕಾಯಿಲೆ ಇರುವವರಿಗೆ, ಆರೈಕೆ ಮಾಡುವವರಿಗೆ ಅಥವಾ ಸಂಸ್ಥೆಯವರಿಗೆ. ಅಲ್ಲಿ ನಗರ ಸೀಮೆಯವರೂ ಕೂರಬಹುದು, ಸೊರಬದ ತಂಗಿಯೂ ಕೂರಬಹುದು. ಚಿಕಿತ್ಸೆಯ ಕೊರತೆ ಬಗ್ಗೆ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ಆಮೇಲೆ ಬೋರ್ಡಿಗೆ ದೂರು ಕೊಡುವ ಹಕ್ಕು ಇದೆ. ಹಲವು ಜಿಲ್ಲೆ ಸೇರಿಸಿ ಒಂದು ಬೋರ್ಡ್ ಮಾಡಲು ಕಾಯ್ದೆ ಬಿಡುತ್ತದೆ. ನಮ್ಮ ಕಾನೂನು ಜಿಲ್ಲೆಗೊಂದು ಅನ್ನಲಿ, ಸರದಿಯಂತೆ ತಾಲ್ಲೂಕಿಗೆ ಬಂದು ಕೂರಲಿ ಅನ್ನಲಿ. ವಕೀಲರನ್ನು ಇಡಲು ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಉಚಿತ.

ಸಾಗರದ ಅಡಿಕೆ ಬೆಳೆಗಾರ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಆತ್ಮಹತ್ಯೆಯ ವಿಷಯ ಯಾರೂ ಎತ್ತಲಿಲ್ಲ. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಕಡೆ ತೋಟ ನಂಬಿದವರು ಎಷ್ಟು ಕುಸಿದಿದ್ದಾರೆ ಅಂತ ಮನೆಮನೆಗೆ ಗೊತ್ತು. ಕೊಳೆರೋಗ ಹೊಸದಲ್ಲ, ಇದು ಹೊಸ ಪೆಟ್ಟು. ಸಾಲದ ನೋಟಿಸು ಬಂದವರಿಗೆ ಬ್ಯಾಂಕಿನವರು, ಕೃಷಿ ಇಲಾಖೆಯವರು ಬರುತ್ತಾರೆ. ಹೇಗಿದ್ದೀಯಾ, ನಿದ್ದೆ ಬರುತ್ತಾ ಅಂತ ಕೇಳುವವರು ಬರುವುದಿಲ್ಲ.

ವಿಷ ಕುಡಿದು ಬದುಕಿದವನನ್ನು ಆಸ್ಪತ್ರೆಗೆ ಹಾಕಿದರೆ ಕೇಸ್ ಆಗುತ್ತದೆ ಅಂತ ಇನ್ನೂ ಜನ ಹೆದರುತ್ತಾರೆ. ವಕೀಲರೆ, ಈಗಲೂ ಹಾಗೇನಾ?

ಕೋರ್ಟ್ ರಸ್ತೆ, ಶಿವಮೊಗ್ಗ

ಇಲ್ಲ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಪ್ರಯತ್ನವನ್ನು ಅಪರಾಧ ಅಂದಿದ್ದ ಹಳೆಯ ಐಪಿಸಿ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರನನ್ನು ಬಗ್ಗಿಸಲು ಆತ್ಮಹತ್ಯೆ ಪ್ರಯತ್ನ ಮಾಡಿದರೆ ಮಾತ್ರ ಅಪರಾಧ. ಧೈರ್ಯವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ.

ಉಪಕೇಂದ್ರದ ಸಿಸ್ಟರ್, ತೀರ್ಥಹಳ್ಳಿ ತಾಲ್ಲೂಕು

ಬೆಳೆಗಾರರು ಒಳ್ಳೆಯದನ್ನೇ ಎತ್ತಿದರು. ಬದುಕಿ ಮನೆಗೆ ಹೋದವರನ್ನು ಆಮೇಲೆ ಯಾರೂ ನೋಡುವುದಿಲ್ಲ. ಹೊಟ್ಟೆ ತೊಳೆದು, ವಾರ್ಡಿನಲ್ಲಿ ಇಟ್ಟು ಕಳಿಸುತ್ತಾರೆ. ಬಾಣಂತಿಯ ಮನೆಗೆ ಇಷ್ಟು ದಿನಕ್ಕೊಮ್ಮೆ ಹೋಗಲೇಬೇಕು ಅಂತ ನಮಗೆ ಲೆಕ್ಕ ಇದೆ. ಇವರ ಮನೆಗೂ ಅಂಥ ಲೆಕ್ಕ ಬರಲಿ.

ಭೂತ ಹಿಡಿದಿದೆ ಅಂತ ಹೊಡೆಸುವುದೂ ಇನ್ನೂ ನಿಂತಿಲ್ಲ. 2017ರ ಮೌಢ್ಯ ನಿಷೇಧ ಕಾನೂನು ನಮ್ಮ ರಾಜ್ಯದ್ದೇ. ಅದರಲ್ಲಿ ಇದಕ್ಕೆ ಶಿಕ್ಷೆ ಇದೆ. ಆದರೆ ದೇವಸ್ಥಾನಕ್ಕೆ ಹೋಗುವವರನ್ನು ಬೈದು ಪ್ರಯೋಜನವಿಲ್ಲ. ಪೂಜೆ ಮಾಡಿಸಿ, ಮಾತ್ರೆನೂ ತಗೊಳ್ಳಿ ಅಂತ ಹೇಳುವ ಅರ್ಚಕರು, ದೈವ ಮೈಮೇಲೆ ಬರುವ ಪಾತ್ರಿಗಳು ನಮ್ಮ ಕಡೆ ಇದ್ದಾರೆ. ಅವರ ಮಾತು ನಮ್ಮ ಮಾತಿಗಿಂತ ಬೇಗ ನಾಟುತ್ತದೆ.

ನಗರ ಸೀಮೆಯವ

ಎಲ್ಲರಿಗೂ ಕೈಮುಗಿದು ಧನ್ಯವಾದ. ಕರಡು ಬರೆಯುತ್ತಿದ್ದೇನೆ. ಮುಖ್ಯ ಮಾತು ಇಷ್ಟು: ಮಾತ್ರೆ, ಇಂಜೆಕ್ಷನ್, ಪರೀಕ್ಷೆ ಪಿಎಚ್‌ಸಿವರೆಗೆ ಇಳಿಯಬೇಕು, ಮಳೆಗಾಲದ ದಾಸ್ತಾನು ಉಪಕೇಂದ್ರದಲ್ಲಿರಬೇಕು, ಸ್ಟಾಕ್ ತಪ್ಪಿದರೆ ಸಕಾಲದಂತೆ ಹೆಸರು ಹಿಡಿದು ಹೊಣೆ ಗೊತ್ತುಮಾಡಬೇಕು. ಅದರ ಹಿಂದೆ ಮಂಗಳವಾರದ ಡಾಕ್ಟರ್, ತುರ್ತು ತಂಡ, ಜಿಲ್ಲೆಗೊಂದು ಬೋರ್ಡ್. 120 ಗಂಟೆಯ ವಿಷಯ ನಮ್ಮೊಳಗೇ ಒಮ್ಮತ ಇಲ್ಲದ್ದರಿಂದ ಸೇರಿಸುವುದಿಲ್ಲ. ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು.

ಪೀಠಿಕೆಯಲ್ಲಿ ಒಂದು ಮಾತು ಹಾಕುತ್ತೇನೆ. ಹಳ್ಳಿಯ ಪಿಎಚ್‌ಸಿ ಡಾಕ್ಟರಿಗೆ ತರಬೇತಿ ಕೊಟ್ಟು ಅಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದು ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದೇ ಮಾದರಿಯದ್ದು. ನಮ್ಮ ಶಿವಮೊಗ್ಗದಲ್ಲೇ ಮನೋವೈದ್ಯ ಡಾ. ಅಶೋಕ್ ಪೈ ಅವರು ಈ ಕಾಯಿಲೆಗಳ ಬಗ್ಗೆ ಜನರ ಭಾಷೆಯಲ್ಲಿ ವರ್ಷಗಟ್ಟಲೆ ಮಾತಾಡಿದರು. ಅವರು 2016ರಲ್ಲಿ ತೀರಿಕೊಂಡರು. ಅಂಥ ಜಿಲ್ಲೆಯಿಂದ ಈ ಬೇಡಿಕೆ ಹೋಗುವುದು ಸರಿಯಾಗಿದೆ.

ಕೋರ್ಟ್ ರಸ್ತೆ, ಶಿವಮೊಗ್ಗ

ಎರಡು ಸೇರಿಸಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೊಡ್ಡವರಲ್ಲಿ 10.6 ಶೇಕಡಾ ಜನರಿಗೆ ಆಗ ಮಾನಸಿಕ ತೊಂದರೆ ಇತ್ತು ಅಂದಿತು. ನಡೆಸಿದ್ದು ನಿಮ್ಹಾನ್ಸ್. ಆದರೆ ಅದರ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ರಾಜ್ಯದ ಲೆಕ್ಕ, ಅದರಲ್ಲೂ ಮಲೆನಾಡಿನ ಲೆಕ್ಕ ಬೇರೆ ತೆಗೆಯಬೇಕು ಅಂತ ಬರೆಯಿರಿ. ಇನ್ನೊಂದು, ತಜ್ಞರ ಸಂಖ್ಯೆಯನ್ನು 10 ವರ್ಷದೊಳಗೆ ಅಂತಾರಾಷ್ಟ್ರೀಯ ಮಟ್ಟಕ್ಕೆ ತರಲು ಪ್ರಯತ್ನಿಸಬೇಕು ಅಂತ ಕೇಂದ್ರದ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಆ ಗಡುವು 2028ಕ್ಕೆ ಮುಗಿಯುತ್ತದೆ.

ಶಾಸಕರಿಗೆ ಕೊಡುವ ಜೊತೆಗೆ ವಿಧಾನಸಭೆಯ ಅರ್ಜಿಗಳ ಸಮಿತಿಗೂ ಒಂದು ಪ್ರತಿ ಕಳಿಸಿ. ಕರಡನ್ನು ಇಲ್ಲೇ ಹಾಕಿ, ಸೆಕ್ಷನ್‌ಗಳನ್ನು ನಾನು ನೋಡಿಕೊಡುತ್ತೇನೆ.

ಸೊರಬದ ಕಡೆಯವಳು

ಸಹಿ ಹಾಕುವವರಲ್ಲಿ ಕಾಯಿಲೆ ಇರುವವರ ಹೆಸರು ಮೇಲೆ ಬರಲಿ. ನನ್ನದನ್ನು ಹಾಕಿಕೊಳ್ಳಿ. ನಗರ ಸೀಮೆಯಣ್ಣ, ನಿಮ್ಮ ತಮ್ಮನನ್ನೂ ಕೇಳಿ ನೋಡಿ. ಅವರಿಗೆ ಇಷ್ಟವಿದ್ದರೆ ಮಾತ್ರ.

ನಗರ ಸೀಮೆಯವ

ಕೇಳಿದೆ. ಹಾಕುತ್ತೇನೆ ಅಂದ. ಮೊದಲು ಪೂರ್ತಿ ಓದಿ ಹೇಳಬೇಕಂತೆ.

ಉಪಕೇಂದ್ರದ ಸಿಸ್ಟರ್, ತೀರ್ಥಹಳ್ಳಿ ತಾಲ್ಲೂಕು

ಔಷಧಿ ಪಟ್ಟಿಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಕಾಯಿಲೆಯ ಮುಖ್ಯ ಮಾತ್ರೆ ಇರುತ್ತದೆ, ಅದರ ಅಡ್ಡಪರಿಣಾಮಕ್ಕೆ ಕೊಡುವ ಇದು ಖಾಲಿಯಾಗಿರುತ್ತದೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ ಅಂತಲೇ ಎಷ್ಟೋ ಜನ ಔಷಧಿ ನಿಲ್ಲಿಸಿಬಿಡುತ್ತಾರೆ.